ಅರ್ಧ ಕುಡಿದು ಇಟ್ಟ ಲೋಟ

ಅದು ಪೇಪರಿನಲ್ಲಿ ಇದ್ದಿರಬಹುದಲ್ಲ? ಯಾವುದಾದರೂ ಮೂಲೆಯಲ್ಲಿ, ಟೆಂಡರ್ ಪ್ರಕಟಣೆಯ ಕೆಳಗೆ, ಯಾರೂ ಓದದ ಪುಟ್ಟ ಅಕ್ಷರಗಳಲ್ಲಿ? ತಾನೇ ಕಟ್ಟಿದ್ದು ಎಂದುಕೊಂಡಿರುವುದನ್ನು ನಿಜವಾಗಿ ಎಲ್ಲೋ ಓದಿ, ಓದಿದ್ದನ್ನು ಮರೆತು, ಮರೆತದ್ದನ್ನೇ ಹೊಸದೆಂದು ಹೇಳಿರಬಹುದಲ್ಲ? ಹಾಗೆ ಆಗುವುದುಂಟು. ನೀರಿನ ಮೀಟರುಗಳನ್ನು ಪರೀಕ್ಷಿಸುವ ಉದ್ದನೆಯ ಕಬ್ಬಿಣದ ಬೆಂಚಿನ ಮುಂದೆ ನಿಂತು ಅವನು ಬೆಳಗಿನಿಂದ ಈ ಒಂದು ಸಾಧ್ಯತೆಯನ್ನು, ಅಲ್ಲಾಡುವ ಹಲ್ಲನ್ನು ನಾಲಿಗೆ ತಡವುವ ಹಾಗೆ, ತಡವುತ್ತಿದ್ದ. ಮನೆಮನೆಗಳಿಂದ ಕಿತ್ತು ತಂದ ಮೀಟರುಗಳು ಸಾಲಾಗಿ ಒಂದೇ ಕೊಳವೆಗೆ ಸಿಕ್ಕಿಕೊಂಡಿದ್ದವು. ಕೊಳವೆಯ ಬಾಯಿಯಲ್ಲಿದ್ದ ಗೇಟು ವಾಲ್ವು ತಿರುಗಿಸಿದರೆ ಒಂದೇ ನೀರು ಎಲ್ಲದರ ಹೊಟ್ಟೆಯೊಳಗೂ ಹಾದು ಕೊನೆಯ ತೊಟ್ಟಿಗೆ ಬೀಳುತ್ತಿತ್ತು. ಆದರೂ ಒಂದೊಂದು ಮೀಟರು ಒಂದೊಂದು ಲೆಕ್ಕ ಹೇಳುತ್ತಿತ್ತು. ಯಾವುದು ಸುಳ್ಳು ಹೇಳುತ್ತದೆ ಎಂದು ಗುರುತಿಸುವುದೇ ಅವನ ಕೆಲಸ. ಬೆಂಚಿನ ಕೆಳಗೆ, ಊಟದ ಡಬ್ಬಿಯ ಚೀಲದಲ್ಲಿ, ಇವತ್ತಿನ ಪೇಪರು ಇತ್ತು. ಅದರ ಒಳಪುಟದಲ್ಲಿ, ಬೆರಳಗಲದ ಜಾಗದಲ್ಲಿ, ಗುಂಪಿನ ಏಟಿಗೆ ಸಿಕ್ಕಿದ್ದ ಬೆತ್ತದ ವ್ಯಾಪಾರಿ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಇತ್ತು. ಅದು ಇದ್ದದ್ದು ಖಂಡಿತ. ಬಸ್ಸಿನಲ್ಲಿ ಅವನು ಅದನ್ನು ಮತ್ತೆ ಮತ್ತೆ ಓದಿದ್ದ. ಸಂಜೆ ಅದನ್ನು ಕಣ್ಣು ಕಾಣದ ಅಕ್ಕನಿಗೆ ಓದಿ ಹೇಳಬೇಕಾಗಿತ್ತು.

"ಏನ್ ಕವಿಗಳೇ, ಗೇಟ್ ಬಿಟ್ಟು ಎಲ್ಲಿ ಹೋದ್ರಿ? ತೊಟ್ಟಿ ತುಂಬಿ ನನ್ನ ಚಪ್ಪಲಿ ತೇಲ್ತಾ ಇದೆ," ಎಂದ ಸೀಲಪ್ಪ. ಪಾಸಾದ ಮೀಟರುಗಳಿಗೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತುವುದು ಅವನ ಕೆಲಸ. ಹಾಗಾಗಿ ಸೀಲಪ್ಪ. ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. "ನಿಮ್ಮ ಬೀದೀಲಿ ಹಿಡಿದ್ರಲ್ಲ ಒಬ್ಬನ್ನ, ಅವನಲ್ವಂತೆ."

"ಅವನಲ್ಲ ಅಂದ್ರೆ?"

"ಅಸಲಿ ಇನ್ನೂ ಹೊರಗೇ ಇದಾನೆ. ಮೊನ್ನೆ ನನ್ನ ನಾದಿನಿ ಮನೆಗೆ ಬಂದಿದ್ದ."

"ಅವರು ನೋಡಿದ್ರಾ?"

"ನೋಡೋದೇನು ಬಂತು ಮಾರಾಯ, ಲೋಟ ಇತ್ತಲ್ಲ! ಅರ್ಧ ಕುಡಿದು ಅರ್ಧ ಬಿಟ್ಟಿದ್ದಾನೆ. ಅವನು ಹಾಗೇ ತಾನೇ ಮಾಡೋದು. ಆಮೇಲೆ ನೋಡ್ತಾಳೆ, ಕನ್ನಡಿ ಆ ಗೋಡೆಯಿಂದ ಈ ಗೋಡೆಗೆ ಬಂದು ಕೂತಿದೆ."

ಕನ್ನಡಿ ಅಲ್ಲ, ಅಷ್ಟು ದೊಡ್ಡದನ್ನು ಅವನು ಮುಟ್ಟುವುದಿಲ್ಲ, ಚಿಕ್ಕ ಸಾಮಾನನ್ನು ಮಾತ್ರ ಸರಿಸುತ್ತಾನೆ ಎಂದು ತಿದ್ದಲು ಅವನ ಬಾಯಿ ತೆರೆದಿತ್ತು. ಮುಚ್ಚಿಕೊಂಡ. ಗೇಟು ತಿರುಗಿಸಿ ನಿಲ್ಲಿಸಿದ. ನೀರು ನಿಂತ ಮೇಲೂ ಒಂದೆರಡು ಮುಳ್ಳುಗಳು ನಡುಗುತ್ತಲೇ ಇದ್ದವು. ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ ಹಾದರೂ ಮೀಟರು ಓಡುತ್ತದೆ. ಸೇರಿದ ಹೊಸದರಲ್ಲಿ ಸೀಲಪ್ಪನೇ ಇದನ್ನು ನಗುತ್ತಾ ತೋರಿಸಿಕೊಟ್ಟಿದ್ದ. ಬರೀ ಗಾಳಿ, ಆದರೆ ಬಿಲ್ಲು ಮಾತ್ರ ನೀರಿಗೆ ಬಂದ ಹಾಗೇ ಬರುತ್ತೆ, ಕಟ್ಟಲೇಬೇಕು.

ಪೇಪರು ಓದುವುದು ಶುರುವಾದದ್ದು ಅಕ್ಕನ ಕಣ್ಣು ಪೂರ್ತಿ ಆರಿದ ವರ್ಷ. ಮುಂದಿನ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತು ಅವಳು ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದಳು. ಬ್ಯಾಂಕಿನಿಂದ, ವಕೀಲರ ಕಚೇರಿಯಿಂದ, ಕ್ಷೌರದ ಅಂಗಡಿಯಿಂದ ತೂತು ಬಿದ್ದ ಕುರ್ಚಿಗಳು ಬಂದು ಗೋಡೆಗೆ ಒರಗಿ ನಿಲ್ಲುತ್ತಿದ್ದವು. ಸಂಜೆ ಅವನು ಕೈಕಾಲು ತೊಳೆದು ಬಂದು ಎದುರು ಕೂತರೆ, ಅವಳ ಬೆರಳುಗಳು ಓಡುತ್ತಿರುತ್ತಿದ್ದವು, ಅವನು ಓದುತ್ತಿದ್ದ. ರೇಡಿಯೋ ಹಾಕಿಕೊಳ್ಳಬಾರದೇ ಎಂದರೆ, "ರೇಡಿಯೋ ಊರಿಗೆಲ್ಲಾ ಹೇಳುತ್ತೆ ಕಣೋ. ನೀನು ನನಗೆ ಹೇಳ್ತೀಯ," ಎನ್ನುತ್ತಿದ್ದಳು. ಆ ದಿನಗಳಲ್ಲಿ ಅವನು ಕಥೆ ಬರೆದು ಪತ್ರಿಕೆಗಳಿಗೆ ಕಳಿಸುತ್ತಿದ್ದ. ಅವು ವಿಷಾದ ಸೂಚಿಸಿ ಹಿಂದಿರುಗಿಸುತ್ತಿದ್ದವು. ಒಂದು ಸಂಜೆ ಪೇಪರಿನ ತುಂಬಾ ಭಾಷಣಗಳಿದ್ದವು. "ಬರೀ ಮೈಕಿನವರೇನಾ? ಮನುಷ್ಯರದ್ದು ಏನೂ ಇಲ್ವಾ?" ಎಂದಳು ಅಕ್ಕ. ಅವನು ಪುಟ ತಿರುಗಿಸಿ, ಅಲ್ಲಿ ಇಲ್ಲದ್ದನ್ನು ಓದಿದ. ಯಾರೋ ಒಬ್ಬ, ಹಳೆಯ ಕಾಲದಲ್ಲಿ ಎರವಲು ಒಯ್ದ ಕೊಡೆಯನ್ನು ಹಿಂದಿರುಗಿಸಲು ಹೋಗಿ, ಮನೆ ಸಿಗದೆ, ಬೀದಿಯ ಪ್ರತಿ ಬಾಗಿಲನ್ನೂ ತಟ್ಟಿದನಂತೆ. ಧ್ವನಿ ನಡುಗಲಿಲ್ಲ. ಪೇಪರಿನ ಧ್ವನಿ ಅವನಿಗೆ ಚೆನ್ನಾಗಿ ಒಲಿದಿತ್ತು. ತಿಳಿದುಬಂದಿದೆ, ವರದಿಯಾಗಿದೆ, ಎನ್ನಲಾಗಿದೆ. ಯಾರು ತಿಳಿದರು, ಯಾರು ವರದಿ ಮಾಡಿದರು, ಯಾರು ಎಂದರು ಎಂದು ಯಾರೂ ಕೇಳದ ಹಾಗೆ ಇರುವ ಮಾತುಗಳು ಅವು. ಅಕ್ಕನ ಬೆರಳು ನಿಂತಿತು. "ಅಯ್ಯೋ ಪಾಪ. ಆಮೇಲೆ?" ಎಂದಳು. ಅವನು ಬರೆದ ಯಾವುದಕ್ಕೂ ಅದುವರೆಗೆ ಯಾರೂ ಆಮೇಲೆ ಎಂದಿರಲಿಲ್ಲ.

ನೀರು ಕೇಳುವವನು ಹುಟ್ಟಿದ್ದು ಹಾಗೆಯೇ ಒಂದು ಸಂಜೆ, ಏನೂ ಇಲ್ಲದ ಪುಟದಲ್ಲಿ. ಮಧ್ಯಾಹ್ನದ ಹೊತ್ತು, ಗಂಡಸರು ಕೆಲಸಕ್ಕೆ ಹೋದ ಮೇಲೆ, ಕಂದು ಬ್ಯಾಗು ಹಿಡಿದ ಒಬ್ಬ ಸಭ್ಯ ಮನುಷ್ಯ ಬಾಗಿಲು ತಟ್ಟುತ್ತಾನೆ. ಒಂದು ಲೋಟ ನೀರು ಕೇಳುತ್ತಾನೆ. ಅರ್ಧ ಕುಡಿದು ಅರ್ಧ ಬಿಟ್ಟು ಹೋಗುತ್ತಾನೆ. ಏನನ್ನೂ ಕದಿಯುವುದಿಲ್ಲ. ಆದರೆ ಅವನು ಹೋದ ಮೇಲೆ ಮನೆಯಲ್ಲಿ ಯಾವುದೋ ಒಂದು ವಸ್ತು ಇದ್ದ ಜಾಗದಲ್ಲಿ ಇರುವುದಿಲ್ಲ. ಕಾಣೆಯಾಗಿರುವುದಿಲ್ಲ, ಸರಿದಿರುತ್ತದೆ, ಅಷ್ಟೇ. ಅವನಿಗೆ ಏನು ಬೇಕಾಗಿದೆ ಎಂಬುದು ಪೊಲೀಸರಿಗೂ ತಿಳಿದಿಲ್ಲ ಎನ್ನಲಾಗಿದೆ. ಇದನ್ನು ಓದಿ ಮುಗಿಸಿದಾಗ ಅಕ್ಕ ಕೈಯಲ್ಲಿದ್ದ ಬೆತ್ತ ಬಿಟ್ಟಳು. ಬಲಗೈ ಚಾಚಿ ಪಕ್ಕದ ಸ್ಟೂಲಿನ ಮೇಲಿದ್ದ ಕತ್ತರಿಯನ್ನು ಮುಟ್ಟಿದಳು. ನೀರಿನ ಬೋಗುಣಿ ಮುಟ್ಟಿದಳು. ಬೆತ್ತ ಬಿಗಿಸುವ ಬೆಣೆಗಳ ಡಬ್ಬಿ ಮುಟ್ಟಿದಳು. ಎಲ್ಲ ಇದ್ದಲ್ಲೇ ಇದ್ದವು. "ಕದ್ದರೆ ಕದೀಲಿ ಕಣೋ," ಎಂದಳು, "ಸರಿಸಬಾರದು."

ಮಾರನೆಯ ದಿನ ಅವಳು ಮಹಡಿಯಾಕೆಗೆ ಹೇಳಿದಳು. ಮೇಲಿನ ಮನೆಯಲ್ಲಿದ್ದ ಅವಳು ಮಧ್ಯಾಹ್ನ ಇಳಿದು ಬಂದು, ಹೆಣೆಯದ ಕುರ್ಚಿಯ ಚೌಕಟ್ಟಿನ ಅಂಚಿನಲ್ಲಿ ಹುಷಾರಾಗಿ ಕೂತು, ಬೀದಿಯ ಸಮಾಚಾರವನ್ನೆಲ್ಲ ಕೊಟ್ಟು ತೆಗೆದುಕೊಂಡು ಹೋಗುತ್ತಿದ್ದಳು. ವಾರ ಕಳೆಯುವುದರೊಳಗೆ ಅವನು ತಯಾರಿಸಿದ ಮನುಷ್ಯ ಬೀದಿ ಸುತ್ತಿ ಅವನ ಕಡೆಗೇ ನಡೆದು ಬಂದ. ಮೊದಲು ಮಹಡಿಯಾಕೆ ಮೆಟ್ಟಿಲ ಮೇಲೆ ನಿಲ್ಲಿಸಿ, "ಬಾಗಿಲು ಹಾಕ್ಕೊಳ್ಳೋಕೆ ಹೇಳಪ್ಪಾ ನಿಮ್ಮಕ್ಕಂಗೆ, ನಮ್ಮ ಉಪ್ಪಿನ ಡಬ್ಬಿ ಕಿಟಕಿ ಮೇಲೆ ಇತ್ತು, ನಾನಂತೂ ಇಟ್ಟಿಲ್ಲ," ಎಂದಳು. ಆಮೇಲೆ ಬಸ್ಸಿನಲ್ಲಿ ಯಾರೋ. ಆಮೇಲೆ ಸೀಲಪ್ಪ. ಅವನದೇ ವಾಕ್ಯ, ಅವನು ಹಲ್ಲಿನ ನಡುವೆ ತಿರುಗಿಸಿ ಸರಿಮಾಡಿಕೊಂಡಿದ್ದ ವಾಕ್ಯ, ಒಂದು ಅಕ್ಷರವೂ ಕೆಡದೆ ಅಪರಿಚಿತರ ಬಾಯಲ್ಲಿ ಬರುತ್ತಿತ್ತು. ಅರ್ಧ ಕುಡಿದು ಅರ್ಧ ಬಿಟ್ಟ. ಆಗ ಅವನಿಗೆ ಆದದ್ದು ಭಯವಲ್ಲ. ಈಗ ಬೆಂಚಿನ ಮುಂದೆ ನಿಂತು ನೆನೆಸಿಕೊಂಡರೆ ಕಿವಿ ಬಿಸಿಯಾಗುವುದು ಅದಕ್ಕೇ. ಬಸ್ಸಿನ ಕಂಬಿ ಹಿಡಿದು ನಿಂತು, ತಲೆ ತಗ್ಗಿಸಿ, ಅವನು ಸುಖಪಟ್ಟಿದ್ದ. ಹೆಸರಿಲ್ಲದೆ ಪ್ರಸಿದ್ಧನಾದವನ ಸುಖ.

ಸರಿಸುವುದು ಎಂಬ ಸಂಗತಿ ಎಲ್ಲಿಂದ ಬಂತು ಎಂದು ಅವನು ಆಗ ಕೇಳಿಕೊಂಡಿರಲಿಲ್ಲ. ಅವನಿಗೆ ಹನ್ನೊಂದು ಹನ್ನೆರಡು ಇರಬಹುದು. ಅಕ್ಕನ ಕಣ್ಣು ಮಬ್ಬಾಗುತ್ತಿದ್ದ ಕಾಲ. ಕೆಲಸ ತಪ್ಪಿಸಿಕೊಳ್ಳಲು ನಾಟಕ ಆಡುತ್ತಾಳೆ ಎಂದು ಅಮ್ಮ ಗೊಣಗುತ್ತಿದ್ದಳು. ನಾಟಕವೋ ನಿಜವೋ ನೋಡಿಯೇ ಬಿಡೋಣ ಎಂದು ಅವನು ನಡುಮನೆಯ ಸ್ಟೂಲನ್ನು ಗೋಡೆಯ ಬುಡದಿಂದ ಎತ್ತಿ, ಸದ್ದಾಗದಂತೆ, ದಾರಿಯ ಮಧ್ಯೆ ಇಟ್ಟು, ಬಾಗಿಲ ಹಿಂದೆ ನಿಂತ. ಅಕ್ಕ ತಂಬಿಗೆ ಹಿಡಿದು ಬಂದಳು. ಸ್ಟೂಲಿನ ಕಡೆಗೇ ಮುಖವಿತ್ತು, ಕಣ್ಣು ತೆರೆದೇ ಇತ್ತು, ತುಟಿಯಲ್ಲಿ ಯಾವುದೋ ಹಾಡಿತ್ತು. ಬಿದ್ದ ಸದ್ದಿಗಿಂತ ಹಾಡು ನಿಂತ ರೀತಿ ಅವನಿಗೆ ನೆನಪಿದೆ. ತುಟಿ ಒಡೆದು ರಕ್ತ ಬಂದಿತ್ತು. ಅಮ್ಮ ಓಡಿ ಬಂದು, "ಕಣ್ಣು ಬಿಟ್ಕೊಂಡು ನಡಿಯೋಕೆ ಏನು ರೋಗ," ಎಂದಾಗ ಅಕ್ಕ, "ನಾನೇ ನೋಡಲಿಲ್ಲಮ್ಮ," ಎಂದಳು. ಆ ಮಾತಿನ ಬೆನ್ನಿಗೇ ಅವಳ ಮುಖ ಬಾಗಿಲ ಕಡೆ ತಿರುಗಿತ್ತು. ಉಸಿರಾಟ ಕೇಳಿಸಿರಬೇಕು. ಮೇಲ್ತುಟಿಯ ಆ ಬಿಳಿ ಗೆರೆ ಈಗಲೂ ಇದೆ. ಅವನು ಪೇಪರು ಓದುವಾಗ ಅದು ಅವನ ಕಣ್ಣಿನ ನೇರಕ್ಕೆ ಇರುತ್ತದೆ.

ಬೆತ್ತದವನು ಬಂದದ್ದು ಒಂದು ಮಧ್ಯಾಹ್ನ. ಅಕ್ಕನಿಗೆ ಬೆತ್ತ ಕೊಡುತ್ತಿದ್ದ ಹಳಬ ವ್ಯಾಪಾರ ನಿಲ್ಲಿಸಿದ್ದ. ಬೇರೆ ಊರಿನ ಈ ಹೊಸಬನಿಗೆ ಯಾರೋ ಅವಳ ವಿಳಾಸ ಕೊಟ್ಟಿದ್ದರು. ಕೈಯಲ್ಲಿ ಕಂದು ಬ್ಯಾಗು, ಒಳಗೆ ಸೀಳಿದ ಬೆತ್ತದ ಸುರುಳಿಗಳು. ವ್ಯಾಪಾರದ ಮಾತು ಎತ್ತುವ ಮೊದಲು ಅವನು ಮಾಡಿದ ತಪ್ಪು ಒಂದೇ. "ಅಮ್ಮಾ, ಕುಡಿಯೋಕೆ ಒಂದು ಲೋಟ ನೀರು ಸಿಗುತ್ತಾ?" ಎಂದದ್ದು. ಅಕ್ಕ ಕೊಟ್ಟಳು. ಅವಳು ಕೊಡದೆ ಇರುವವಳಲ್ಲ. ಕೊಟ್ಟ ಮೇಲೆ ಕಿವಿಯೊಂದೇ ಆಗಿ ನಿಂತಳು. ಅವನು ಸ್ವಲ್ಪ ಕುಡಿದ, ನಿಲ್ಲಿಸಿದ. ಕುರ್ಚಿಗಳ ನಡುವೆ ದಾರಿ ಮಾಡಿಕೊಳ್ಳಲು ಸ್ಟೂಲನ್ನು ತುಸು ಪಕ್ಕಕ್ಕೆ ಇಟ್ಟ. ಅಕ್ಕ ಕತ್ತರಿಗೆ ಕೈ ಚಾಚಿದಳು, ಕೈಗೆ ಗಾಳಿ ಸಿಕ್ಕಿತು. ಅವಳು ಕಿರುಚಿದ್ದು ಮೂಲೆಯ ಅಂಗಡಿಯವರೆಗೂ ಕೇಳಿಸಿತಂತೆ. ಮಹಡಿಯಾಕೆ ಮೆಟ್ಟಿಲ ಮೇಲಿಂದಲೇ "ಅವನೇ, ಅವನೇ, ಬ್ಯಾಗ್ ನೋಡ್ರೋ!" ಎಂದು ಕೂಗಿದಳು. ಗಂಡಸರು ಬಂದರು. ಬ್ಯಾಗು ಸುರಿದಾಗ ಬೆತ್ತದ ಸುರುಳಿ ನೋಡಿ, ಕೈಕಾಲು ಕಟ್ಟೋಕೆ ತಂದಿದಾನೆ ಎಂದನಂತೆ ಒಬ್ಬ. ಅದು ಮಾತ್ರ ತಮ್ಮ ಕಟ್ಟಿದ ಕಥೆಯಲ್ಲಿ ಇರಲಿಲ್ಲ. ಕಥೆ ಆಗಲೇ ಬೇರೆಯವರ ಕೈ ಸೇರಿತ್ತು. ಸಂಜೆ ಅವನು ಕೆಲಸದಿಂದ ಬರುವ ಹೊತ್ತಿಗೆ ಏಟು ತಿಂದವನನ್ನು ಆಸ್ಪತ್ರೆಗೆ ಒಯ್ದಾಗಿತ್ತು, ಬೀದಿ ಖಾಲಿಯಾಗಿತ್ತು. ಬಾಗಿಲಿಂದ ದೀಪದ ಕಂಬದವರೆಗೆ ಬೆತ್ತದ ಎಳೆಗಳು ಚೆಲ್ಲಿದ್ದವು. ಅಕ್ಕ ಹೊಸ್ತಿಲ ಮೇಲೆ ಕೂತು ಒಂದು ಎಳೆಯನ್ನು ಬೆರಳ ನಡುವೆ ಎಳೆಯುತ್ತಿದ್ದಳು. "ಬೆತ್ತ ಕಣೋ ಇದು," ಎಂದಳು. "ಒಳ್ಳೇ ಬೆತ್ತ. ಬೆತ್ತ ಮಾರೋನು ಅವನು."

ಅಂದಿನಿಂದ ಅವಳು ಕುರ್ಚಿ ಮುಟ್ಟಿರಲಿಲ್ಲ. ಒಂದು ಕುರ್ಚಿ ಅರ್ಧ ಹೆಣೆದು ನಿಂತಿತ್ತು. ಮಹಡಿಯಾಕೆ ಕೆಳಗೆ ಬರುವುದನ್ನು ಬಿಟ್ಟಿದ್ದಳು. ಹೊಡೆದವರ ಜೊತೆ ಅವಳ ಗಂಡನನ್ನೂ ಪೊಲೀಸರು ಕರೆದೊಯ್ದಿದ್ದರು. ಅಕ್ಕ ಊಟಕ್ಕೆ ಕೂರುತ್ತಿದ್ದಳು, ತಟ್ಟೆಯ ಅಂಚನ್ನು ಬೆರಳಿನಿಂದ ಸುತ್ತುತ್ತಿದ್ದಳು, ಏಳುತ್ತಿದ್ದಳು. ಮಣಿಕಟ್ಟಿನ ಬಳೆ ಮೊಳಕೈವರೆಗೆ ಜಾರುವಷ್ಟು ಇಳಿದುಹೋಗಿದ್ದಳು. ಸಂಜೆ ಮಾತ್ರ ತಪ್ಪದೆ, "ಬಂತಾ? ಹೇಗಿದಾನಂತೆ?" ಎಂದು ಕೇಳುತ್ತಿದ್ದಳು. ಬಂದಿಲ್ಲ ಎಂದರೆ, "ಅವನಿಗೇನಾದ್ರೂ ಆದ್ರೆ ನಾನು ಇರಲ್ಲ ಕಣೋ," ಎನ್ನುತ್ತಿದ್ದಳು. ಹೆದರಿಸುವ ದನಿಯಲ್ಲ. ಬೋಗುಣಿಯಲ್ಲಿ ನೀರು ಮುಗಿದಿದೆ ಎಂದು ಹೇಳುವ ದನಿ. ಆಮೇಲೆ ಶಾಪ ಹಾಕುತ್ತಿದ್ದಳು. "ಆ ಇನ್ನೊಬ್ಬ, ನೀರು ಕೇಳೋನು. ಅವನಿಂದ ಇವನಿಗೆ ಬಿತ್ತು ಏಟು. ಆ ಪಾಪಿ ಆರಾಮಾಗಿ ಎಲ್ಲಿ ಕೂತಿದಾನೋ." ಅವಳ ಎದುರೇ ಕೂತು ಅವನು ಪೇಪರನ್ನು ಮಡಿಸುತ್ತಿದ್ದ.

ಸಾವಿನ ಸುದ್ದಿ ಚೀಲದಲ್ಲಿದ್ದ ಆ ಸಂಜೆ ಬಸ್ಸಿಳಿದು ಬರುವಾಗ ಅವನು ಬಾಯೊಳಗೆ ವಾಕ್ಯಗಳನ್ನು ಜೋಡಿಸಿಕೊಂಡ. ಆ ಇನ್ನೊಬ್ಬ ಇಲ್ಲ ಅಕ್ಕಾ. ಎಷ್ಟು ಚಿಕ್ಕ ವಾಕ್ಯ. ಅದನ್ನು ಹೇಳಿದರೆ ಆ ಸಾವು ಅವಳ ಮೈಮೇಲಿಂದ ಎದ್ದು ಅವನ ಮೈಮೇಲೆ ಕೂರುತ್ತದೆ. ಕೂರಲಿ. ಆದರೆ ಅದರ ಜೊತೆಗೇ ಕೊಡೆ ಹಿಂದಿರುಗಿಸಿದವನೂ ಹೋಗುತ್ತಾನೆ, ಇನ್ಯಾವುದೋ ಸಂಜೆ ಅವನು ಕಟ್ಟಿ ಓದಿದ, ಬಸ್ಸಿನಲ್ಲಿ ದಿನಾ ಓಡಾಡುವ ನಾಯಿ ಹೋಗುತ್ತದೆ, ಅವಳ ಕತ್ತಲೆಯಲ್ಲಿ ಇಷ್ಟು ವರ್ಷ ಅವನು ತಂದು ಇಟ್ಟ ಅಷ್ಟೂ ಜನ ಎದ್ದು ಹೋಗುತ್ತಾರೆ. ಅವಳು ಕೈ ಚಾಚಿದರೆ ಏನೂ ಇದ್ದಲ್ಲಿ ಇರುವುದಿಲ್ಲ. ಹೀಗೆಂದು ಅವನು ತನಗೆ ತಾನೇ ಹೇಳಿಕೊಂಡ. ಅವಳಿಗಾಗಿ ಎಂದು. ಬಾಗಿಲ ಹಿಂದೆ ನಿಂತಿದ್ದ ಹುಡುಗನೂ ಅಂದು ಅಮ್ಮನಿಗಾಗಿ ಎಂದೇ ನಿಂತಿದ್ದ.

"ಬಂತಾ?" ಎಂದಳು ಅಕ್ಕ.

"ಬಂದಿದೆ."

ಅವಳು ಎರಡೂ ಕೈಯಲ್ಲಿ ಕುರ್ಚಿಯ ಚೌಕಟ್ಟು ಹಿಡಿದಳು. ಅವನು ಪುಟ ತೆರೆದ. ಬೆರಳಗಲದ ಆ ಸುದ್ದಿಯ ಮೇಲೆಯೇ ಕಣ್ಣಿಟ್ಟು, ಅಲ್ಲಿ ಇಲ್ಲದ್ದನ್ನು ಓದಿದ. ಇತ್ತೀಚೆಗೆ ಗುಂಪಿನಿಂದ ಹಲ್ಲೆಗೊಳಗಾಗಿದ್ದ ಬೆತ್ತದ ವ್ಯಾಪಾರಿ ಚೇತರಿಸಿಕೊಂಡು ಆಸ್ಪತ್ರೆಯಿಂದ ಬಿಡುಗಡೆಯಾಗಿದ್ದಾನೆ. ಸದ್ಯ ತುದಿಗೆ ರಬ್ಬರ್ ಹಾಕಿದ ಕೋಲಿನ ಸಹಾಯದಿಂದ ನಡೆಯುತ್ತಿದ್ದಾನೆ. ತನಗೆ ಯಾರ ಮೇಲೂ ಸಿಟ್ಟಿಲ್ಲ, ಕಣ್ಣು ಕಾಣದವರು ಹೆದರುವುದು ತಪ್ಪಲ್ಲ ಎಂದು ಅವನು ಹೇಳಿದ್ದಾಗಿ ತಿಳಿದುಬಂದಿದೆ. ಕೋಲಿಗೆ ರಬ್ಬರ್ ತಾನು ಯಾಕೆ ಹಾಕಿದೆನೋ ಅವನಿಗೇ ಗೊತ್ತಿರಲಿಲ್ಲ. ಸಣ್ಣ ವಿವರ ಇದ್ದರೆ ಜನ ನಂಬುತ್ತಾರೆ. ಅದು ಕೈಗೆ ಹತ್ತಿಹೋದ ಅಭ್ಯಾಸ.

"ಹಾಗಂದ್ನಾ? ತಪ್ಪಲ್ಲ ಅಂದ್ನಾ?"

"ಹಾಗೇ ಹಾಕಿದಾರೆ."

"ಇನ್ನೊಂದ್ಸಲ ಓದು."

ಅವನು ಇನ್ನೊಂದು ಸಲ ಓದಿದ, ಒಂದು ಪದವೂ ಬದಲಾಗದಂತೆ. ಅವಳ ಕಾಣದ ಕಣ್ಣಿಂದ ನೀರು ಇಳಿದು ಮೇಲ್ತುಟಿಯ ಬಿಳಿ ಗೆರೆಯ ಹತ್ತಿರ ನಿಂತಿತು. ಆ ಸಂಜೆ ಅವಳು ಊಟ ಮಾಡಿದಳು. ಮಾರನೆಯ ದಿನ ಬೆತ್ತದವನ ಬೆತ್ತವನ್ನೇ ಬೋಗುಣಿಯಲ್ಲಿ ನೆನೆಹಾಕಿ ಅರ್ಧ ನಿಂತಿದ್ದ ಕುರ್ಚಿಯನ್ನು ಹೆಣೆಯಲು ಕೂತಳು. "ಅವನ ಮಾಲು ಅವನಿಗೇ ಕುರ್ಚಿ ಆಗ್ಲಿ," ಎಂದು ನಕ್ಕಳು ಕೂಡ. ಅವನು ಕೆಲಸಕ್ಕೆ ಹೋಗಿ ಗೇಟು ತಿರುಗಿಸಿದ, ನಿಲ್ಲಿಸಿದ. ಕಥೆ ಯಾರನ್ನಾದರೂ ಕೊಲ್ಲಬಹುದಾದರೆ ಒಬ್ಬರನ್ನು ಉಳಿಸಲೂಬಹುದು ಎಂದುಕೊಂಡ. ಲೆಕ್ಕ ಸರಿಹೋದಂತೆ ಕಂಡಿತು.

ಕುರ್ಚಿ ಮುಗಿದ ದಿನ ಸಂಜೆ ಅವನು ಮನೆಗೆ ಬಂದಾಗ ಬಾಗಿಲು ಅಗಲವಾಗಿ ತೆರೆದಿತ್ತು. ಎಷ್ಟೋ ವಾರಗಳಿಂದ ಅಗಳಿ ಹಾಕಿಕೊಂಡೇ ಇದ್ದ ಬಾಗಿಲು. ಹೊಸ ಕುರ್ಚಿ ಗೋಡೆಯ ಬಳಿ ಇರಲಿಲ್ಲ. ಕೋಣೆಯ ನಡುವೆ, ಅವನು ಪೇಪರು ಓದಲು ಕೂರುವ ಜಾಗಕ್ಕೆ ಎದುರಾಗಿ ಇತ್ತು. ಅದರ ಕಾಲಿನ ಪಕ್ಕ, ನೆಲದ ಮೇಲೆ, ಒಂದು ಲೋಟ. ಲೋಟದಲ್ಲಿ ಅರ್ಧ ನೀರು.

"ಬಂದಿದ್ದ ಕಣೋ," ಎಂದಳು ಅಕ್ಕ. ಮುಖದಲ್ಲಿ ಹಬ್ಬದ ಕಳೆ ಇತ್ತು.

"ಯಾರು?"

"ಇನ್ಯಾರು, ಬೆತ್ತದೋನು. ಬಂದದ್ದೇ ಗೊತ್ತಾಗ್ಲಿಲ್ಲ ನೋಡು, ಕೋಲಿಗೆ ರಬ್ಬರ್ ಹಾಕಿದಾರೆ ಅಂತ ನೀನು ಓದಿದ್ಯಲ್ಲ. ನಾನೇ ಕೇಳ್ದೆ, ನೀರು ಕೊಡ್ಲಾ ಅಂತ. ಪಾಪ, ಅರ್ಧಾನೇ ಕುಡಿದ."

ಅವನು ಬಾಗಿಲ ಕಡೆ ನೋಡಿದ. ಹೊರಗೆ ಮಳೆ ಇರಲಿಲ್ಲ, ಬೀದಿ ಒಣಗಿತ್ತು. ಹೊಸ್ತಿಲ ಒಳಗಿನ ಸಿಮೆಂಟಿನ ಮೇಲೆ ನಾಣ್ಯದಗಲದ ದುಂಡನೆಯ ಒದ್ದೆ ಗುರುತು ಒಂದಿತ್ತು. ಸ್ವಲ್ಪ ಒಳಗೆ ಇನ್ನೊಂದು. ಅದರಾಚೆ ಇನ್ನೊಂದು. ಅವು ಕುರ್ಚಿಯವರೆಗೆ ಬಂದಿದ್ದವು. ಹಿಂದಕ್ಕೆ ಹೋದ ಗುರುತು ಅವನಿಗೆ ಕಾಣಲಿಲ್ಲ. ಬೋಗುಣಿಯಿಂದ ಬೆತ್ತ ಎತ್ತುವಾಗ ಹನಿ ಬಿದ್ದಿರಬಹುದು. ಇರಬಹುದಲ್ಲ?

"ಏನಂದ?" ಎಂದ, ಅಂಗಿಯ ಗುಂಡಿಯ ಮೇಲೆ ಕೈಯಿಟ್ಟುಕೊಂಡು.

"ಜಾಸ್ತಿ ಮಾತಿಲ್ಲ ಅವನದ್ದು. ನಿನ್ನ ಕೇಳ್ದ. ಪೇಪರ್ ಓದಿ ಹೇಳೋರು ಯಾರು ಅಂದ. ನನ್ನ ತಮ್ಮ, ಸಂಜೆ ಬರ್ತಾನೆ ಅಂದೆ. ಹಾಗಾದ್ರೆ ನಾನೂ ಕೇಳ್ತೀನಿ ಅಂದ." ಅಕ್ಕ ಕೈ ಚಾಚಿ ಕತ್ತರಿ ಮುಟ್ಟಿದಳು, ಬೋಗುಣಿ ಮುಟ್ಟಿದಳು, ಡಬ್ಬಿ ಮುಟ್ಟಿದಳು. ಎಲ್ಲ ಇದ್ದಲ್ಲೇ ಇದ್ದವು. "ಕೂತ್ಕೋ. ಅವನನ್ನ ಕಾಯಿಸಬೇಡ."

ಅವನು ಕೂತ. ಎದುರಿನ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಹೊಸ ಬೆತ್ತ ಒಣಗುತ್ತಾ ಬಿಗಿಯುವಾಗ ತಾನಾಗಿ ಸದ್ದು ಮಾಡುತ್ತದೆ, ಯಾರೋ ಹುಷಾರಾಗಿ ಭಾರ ಬಿಟ್ಟು ಕೂತ ಹಾಗೆ. ಆ ಸದ್ದಾಯಿತು. ಅಕ್ಕ ಆ ಕಡೆ ತಿರುಗಿ ನಕ್ಕಳು. ಅವನು ಪೇಪರು ಬಿಡಿಸಿದ. ಅಂದು ಪುಟದ ತುಂಬಾ ಭಾಷಣಗಳಿದ್ದವು. ಗಂಟಲು ಸರಿಮಾಡಿಕೊಂಡು, ಎದುರಿನ ಕುರ್ಚಿಯ ಕಡೆ ತಲೆಯೆತ್ತದೆ, ಇದ್ದದ್ದನ್ನು ಇದ್ದ ಹಾಗೇ ಓದತೊಡಗಿದ.

"ಇದಲ್ವೋ," ಎಂದಳು ಅಕ್ಕ ಮೆಲ್ಲಗೆ. "ಮನುಷ್ಯರದ್ದು ಓದು."

ಅವನು ಪುಟ ತಿರುಗಿಸಿದ. ಆ ಸಂಜೆ ಓದಿದ, ಮಾರನೆಯ ಸಂಜೆ ಓದಿದ, ಆಮೇಲಿನ ಸಂಜೆಗಳಲ್ಲೂ ಓದಿದ. ನೀರು ಕೇಳುವವನ ಸುದ್ದಿ ಯಾವ ಪೇಪರಿನಲ್ಲೂ ಇರಲಿಲ್ಲ ಎಂದಾಗಲಿ, ಬೆತ್ತದವನು ಸತ್ತ ಸುದ್ದಿ ಪೇಪರಿನಲ್ಲಿ ಇತ್ತು ಎಂದಾಗಲಿ ಅವನು ಅಕ್ಕನಿಗೆ ಹೇಳಲಿಲ್ಲ.